ಎತ್ತಿಗೆ ಸೋಮವಾರ

ಆಗ ನಮ್ಮೂರಿನಲ್ಲಿ ಎತ್ತು ಇಲ್ಲದ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ಈಗ ಟ್ರ್ಯಾಕ್ಟರ್ ಇದ್ದರೂ ಕೊಡುವುದಿಲ್ಲ, ಆ ಮಾತು ಬೇರೆ. ತಾವರಗೇರಾದಿಂದ ಒಳಗೆ ಕಚ್ಚಾ ರಸ್ತೆಯಲ್ಲಿ ನಮ್ಮೂರು. ಬೆಳಗಾಗೆದ್ದರೆ ಸಗಣಿ, ನೆಂದ ಜೋಳದ ಕಣಿಕೆ, ಒಲೆಯ ಹೊಗೆ ಮೂರೂ ಕೂಡಿದ ಒಂದು ವಾಸನೆ ಓಣಿಯ ತುಂಬ ಇರುತ್ತಿತ್ತು. ಆ ವಾಸನೆಯಲ್ಲಿ ಬೆಳೆದವರು ಇದನ್ನು ಓದುತ್ತಿದ್ದರೆ ಅವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಉಳಿದವರು ಮೂಗು ಮುಚ್ಚಿಕೊಳ್ಳದೆ ಸ್ವಲ್ಪ ಕೇಳಬೇಕು.

ನಮ್ಮ ಮನೆಯಲ್ಲಿ ಎರಡು ಎತ್ತು ಇದ್ದವು. ಒಂದು ಮಚ್ಚೆ ಮೈಯ ಹಂಡ, ಒಂದು ಬಿಳಿಯ. ಹಂಡನಿಗೆ ಸಿಟ್ಟು ಜಾಸ್ತಿ, ಬಿಳಿಯ ಪಾಪದ್ದು. ಮನೆಯಲ್ಲೂ ಹಾಗೇ ಒಂದು ಜೋಡಿ ಇತ್ತು. ಸಿಟ್ಟಿನಾಕೆ ನಾನು, ಗಂಗವ್ವ, ಎಲ್ಲರ ಬಾಯಲ್ಲಿ ಗಂಗಿ. ಪಾಪದಾಕೆ ನನಗಿಂತ ಎರಡು ವರ್ಷ ದೊಡ್ಡವಳಾದ ರೇಣಕ್ಕ. ಅವ್ವ, ಅಪ್ಪ, ಅಪ್ಪನನ್ನು ಹೆತ್ತ ಆಯಿ, ಇಷ್ಟೇ ಜನ.

ನಮ್ಮ ಕಡೆಯ ರೈತರು ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಮಳೆ ಬಂದು ಹದ ಹೋಗುತ್ತಿದ್ದರೂ ಸರಿ, ಬಿತ್ತನೆ ನಿಂತರೂ ಸರಿ, ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಅಪ್ಪ ಸೋಮವಾರ ಬೆಳಿಗ್ಗೆ ಹಂಡನಿಗೂ ಬಿಳಿಯನಿಗೂ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಎರಡು ರೊಟ್ಟಿ ತಿನ್ನಿಸಿ ಕೈಮುಗಿಯುತ್ತಿದ್ದ. ಅವು ಹೊತ್ತು ಮುಳುಗುವ ತನಕ ಬೇವಿನ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ನನಗೆ ಅವುಗಳನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಎತ್ತಿನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ನಗಬೇಡಿ. ಆ ವರ್ಷ ನಾನು ಏಳನೇ ತರಗತಿಯಲ್ಲಿದ್ದೆ, ಮತ್ತು ನನಗೆ ವಾರವೇ ಇರಲಿಲ್ಲ.

ಯಾಕೆಂದರೆ ನಮ್ಮ ಬೋರಿನ ಹೊಲದಲ್ಲಿ ಬೀಜದ ಹತ್ತಿ ಹಾಕಿದ್ದರು. ಅಂಗಡಿಯಲ್ಲಿ ಪಾಕೀಟಿನಲ್ಲಿ ಸಿಗುವ ಹತ್ತಿಬೀಜ ಇದೆಯಲ್ಲ, ಅದು ತಾನಾಗಿ ಹುಟ್ಟುವುದಿಲ್ಲ. ಒಂದು ಜಾತಿಯ ಗಿಡದ ಹೂವನ್ನು ಇನ್ನೊಂದು ಜಾತಿಯ ಹೂವಿಗೆ ಕೈಯಿಂದಲೇ ಕೂಡಿಸಬೇಕು. ಅದಕ್ಕೆ ಊರವರೆಲ್ಲ ಕ್ರಾಸಿಂಗ್ ಅನ್ನುತ್ತಿದ್ದರು. ಇಂಗ್ಲಿಷಿನ ಎ ಬರದ ನಮ್ಮ ಆಯಿಯೂ ಕ್ರಾಸಿಂಗ್ ಅನ್ನುತ್ತಿದ್ದಳು. ಸಂಜೆ ಮುಂದೆ ಹೆಣ್ಣು ಗಿಡದಲ್ಲಿ ನಾಳೆ ಅರಳುವ ಮೊಗ್ಗನ್ನು ಹುಡುಕಿ, ಹೆಬ್ಬೆರಳಿನ ಉಗುರನ್ನು ಅದರ ಬುಡಕ್ಕೆ ಹಾಕಿ, ಒಂದು ಸುತ್ತು ತಿರುಗಿಸಿ, ಪಕಳೆ, ಪರಾಗದ ಪುಡಿ ಎಲ್ಲ ಒಮ್ಮೆಲೇ ಕಿತ್ತು ತೆಗೆಯಬೇಕು. ನಡುವಿನ ಎಳೆಯ ಕಡ್ಡಿ ಮಾತ್ರ ನಿಲ್ಲಬೇಕು. ಗುರುತಿಗೆ ಒಂದು ಕೆಂಪು ಕಾಗದದ ಚೂರು ಸಿಕ್ಕಿಸಬೇಕು. ಮಾರನೆಯ ಬೆಳಿಗ್ಗೆ ಗಂಡು ಗಿಡದ ಹೂಗಳನ್ನು ಉಡಿಯಲ್ಲಿ ತುಂಬಿಕೊಂಡು ಬಂದು, ಕೆಂಪು ಕಾಗದ ಇದ್ದಲ್ಲೆಲ್ಲ ಆ ಕಡ್ಡಿಗೆ ಪುಡಿ ತಾಗಿಸಬೇಕು. ಬೆಳಿಗ್ಗೆ ತಪ್ಪಿತೋ, ಮಧ್ಯಾಹ್ನಕ್ಕೆ ಅದು ಬಾಡಿ ಉದುರುತ್ತಿತ್ತು. ಶ್ರಾವಣದಲ್ಲಿ ಹೂವು ಶುರುವಾದರೆ ದೀಪಾವಳಿ ದಾಟುವ ತನಕ ದಿನಾ ಇದೇ ಕೆಲಸ.

ಈ ಕೆಲಸಕ್ಕೆ ಹುಡುಗಿಯರೇ ಆಗಬೇಕು ಎಂದು ಊರಿಗೆ ಊರೇ ನಂಬಿತ್ತು. ದೊಡ್ಡವರ ದಪ್ಪ ಬೆರಳಿಗೆ ಕಡ್ಡಿ ಮುರಿಯುತ್ತದಂತೆ. ಗಂಡುಹುಡುಗರಿಗೆ ತಾಳ್ಮೆ ಇಲ್ಲವಂತೆ. ಅವರಿಗೆ ತಾಳ್ಮೆ ಯಾಕೆ ಬರಬೇಕು, ಅವರು ಸಾಲಿಯ, ಅಂದರೆ ಶಾಲೆಯ, ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದರು. ನಮ್ಮ ಹೊಲದ ಅರ್ಧ ಓಣಿಯ ಬೇರೆ ಹುಡುಗಿಯರು ನೋಡುತ್ತಿದ್ದರು, ಉಳಿದ ಅರ್ಧ ನಮ್ಮಿಬ್ಬರದು. ಅಕ್ಕನದೊಂದು ಸಾಲು, ಪಕ್ಕದಲ್ಲಿ ನನ್ನದೊಂದು ಸಾಲು. ಹೋಗುತ್ತಾ ಎರಡು, ಬರುತ್ತಾ ಎರಡು.

ಎಲ್ಲ ಕೆಟ್ಟದೇ ಇತ್ತು ಅಂದರೆ ಸುಳ್ಳಾಗುತ್ತದೆ. ಪುಡಿ ಮುಗಿದ ಹೂವಿನ ಪಕಳೆಯನ್ನು ಉಗುಳು ಹಚ್ಚಿ ಮೂಗಿಗೆ ಅಂಟಿಸಿಕೊಂಡು ಮೂಗುತಿ ಮಾಡುತ್ತಿದ್ದೆವು. ಹಳದಿ ಪುಡಿಯನ್ನು ಗಲ್ಲಕ್ಕೆ ಬಳಿದು ಒಬ್ಬರಿಗೊಬ್ಬರು ಅರಿಶಿನ ಹಚ್ಚುತ್ತಿದ್ದೆವು. ನಡುಹೊತ್ತಿಗೆ ಅವ್ವ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ ಬಿಚ್ಚಿದರೆ ಆ ಹಸಿವಿಗೆ ಅದು ಅಮೃತ. ಆದರೆ ಎಷ್ಟು ಕೈ ತೊಳೆದರೂ ರೊಟ್ಟಿಯಲ್ಲಿ ಔಷಧದ ವಾಸನೆ. ಹಿಂದಿನ ದಿನ ಹುಳಕ್ಕೆ ಹೊಡೆದ ಎಣ್ಣೆ ಎಲೆಯ ಮೇಲೆ ಇರುತ್ತಿತ್ತು, ಎಲೆಯಿಂದ ಕೈಗೆ, ಕೈಯಿಂದ ಬಾಯಿಗೆ. ಈಗಲೂ ಯಾವುದಾದರೂ ಗೊಬ್ಬರದಂಗಡಿಯ ಮುಂದೆ ಹಾದರೆ ನನ್ನ ನಾಲಿಗೆಗೆ ಗುರೆಳ್ಳು ಹಿಂಡಿಯ ರುಚಿ ಬರುತ್ತದೆ.

ನಮ್ಮನ್ನು ಕೂಲಿಗಳು ಎಂದು ಯಾರೂ ಕರೆಯುತ್ತಿರಲಿಲ್ಲ. ಒಮ್ಮೆ ಜೀಪು ಬರುತ್ತದೆಂದು ಸುದ್ದಿಯಾಯಿತು. ಮಕ್ಕಳನ್ನು ದುಡಿಸುವವರನ್ನು ಹಿಡಿಯುವ ಜೀಪು. ಅಪ್ಪ ನಮ್ಮನ್ನು ಬದುವಿನ ಮೇಲೆ ನಿಲ್ಲಿಸಿ ಪಾಠ ಹೇಳಿಕೊಟ್ಟ.

“ಯಾರರ ಕೇಳಿದ್ರ ಏನಂತೀರಿ?”

“ಅಪ್ಪಗ ಬುತ್ತಿ ತಂದೀವ್ರಿ ಅಂತೀವಿ.”

“ಸಾಲಿಗಿ?”

“ಇವತ್ತ ಹೊಟ್ಟಿ ನೋವು ಇತ್ರಿ.”

“ಭೇಷ್! ನಮ್ಮ ಹೊಲ, ನಮ್ಮ ಮಕ್ಕಳು. ಇದು ಕೂಲಿ ಹೆಂಗಾಕೈತಿ? ಅವರಿಗೇನ್ ತಿಳಿತೈತಿ, ಪ್ಯಾಟಿ ಮಂದಿ.”

ಜೀಪು ದೊಡ್ಡ ರಸ್ತೆಯಲ್ಲೇ ಧೂಳೆಬ್ಬಿಸಿ ಹೋಯಿತು. ನಾವು ಹತ್ತಿ ಸಾಲಿನಲ್ಲಿ ಮುಖ ಕೆಳಗೆ ಮಾಡಿ ಮಲಗಿದ್ದೆವು. ಓಣಿಯ ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಜೀಪು ಒಳಗೆ ಬಂದಿದ್ದರೆ ಚೆನ್ನಾಗಿತ್ತು ಎಂದು ಮಣ್ಣಿಗೆ ಮುಖವಿಟ್ಟು ಅಂದುಕೊಂಡೆ. ಜೊತೆಗೇ ಅಪ್ಪನನ್ನು ಹಿಡಿದುಕೊಂಡು ಹೋದರೆ ಎಂದು ಹೆದರಿಕೆಯೂ ಆಯಿತು.

ನನ್ನ ಭಯ ಕೆಲಸದ್ದಲ್ಲ. ಭಯ ಒಂದು ಮಾತಿನದು. ಹಿಂದಿನ ವರ್ಷ ರೇಣಕ್ಕ ಏಳನೇ ತರಗತಿ ಪಾಸಾಗಿ ಎಂಟನೆಯದಕ್ಕೆ ತಾವರಗೇರಾಕ್ಕೆ ಹೋಗಬೇಕಾಗಿತ್ತು. ನಮ್ಮೂರಿನಲ್ಲಿ ಏಳರ ತನಕ ಅಷ್ಟೇ. ಆಗ ಅಪ್ಪ ನಡುಮನೆಯ ಕಂಬಕ್ಕೆ ಒರಗಿ, ತಲೆ ಕೆರೆದುಕೊಂಡು, “ಈ ಒಂದು ಸೀಜನ್ ಅಷ್ಟ ಯವ್ವಾ, ಆಮ್ಯಾಲ ಹೋಗುವಂತಿ” ಅಂದಿದ್ದ. ಆ ಸೀಜನ್ ಮುಗಿಯಿತು, ವರ್ಷವೂ ಮುಗಿಯಿತು, ಅಕ್ಕನ ಸಾಲಿಯ ಚೀಲ ಗೂಟದಲ್ಲೇ ಇತ್ತು. ಆಕೆ ಅದನ್ನು ಅಮವಾಸ್ಯೆಗೊಮ್ಮೆ ಒಗೆದು ಒಣಗಿಸಿ ಮತ್ತೆ ಅಲ್ಲೇ ನೇತುಹಾಕುತ್ತಿದ್ದಳು. ನಾನು ಏಳನೆಯದರಲ್ಲಿದ್ದ ಆ ವರ್ಷ ಶ್ರಾವಣ ಹುಟ್ಟಿದಾಗ ಅಪ್ಪ ಅದೇ ಕಂಬಕ್ಕೆ ಒರಗಿ, ಅದೇ ತಲೆ ಕೆರೆದುಕೊಂಡು ನನ್ನ ಕಡೆ ನೋಡಿದ.

“ಗಂಗೀ, ಈ ಒಂದು ಸೀಜನ್ ಅಷ್ಟ.”

ನಾನು ಗೂಟದ ಕಡೆ ನೋಡಿದೆ. ಅಕ್ಕನ ಚೀಲದ ಪಕ್ಕದಲ್ಲಿ ಇನ್ನೊಂದು ಗೂಟ ಖಾಲಿ ಇತ್ತು.

ಸಾಲಿಯ ಮಾಸ್ತರು ಒಂದು ದಿನ ಓಣಿಯಲ್ಲಿ ಅಪ್ಪನನ್ನು ನಿಲ್ಲಿಸಿ, “ಹುಡುಗಿ ಮಾರಿನ ತೋರ್ಸಂಗಿಲ್ಲಲ್ಲೋ. ಹಿಂಗಾದ್ರ ಪರೀಕ್ಷಾಕ್ಕ ಕೂಡ್ಸೂದು ಕಷ್ಟ ಐತಿ ನೋಡು” ಅಂದರು. ಅಪ್ಪ “ಕಳಸ್ತೀನ್ರಿ ಸರ” ಅಂದು ತಲೆಯಾಡಿಸಿದ. ಆ ತಲೆಯಾಡಿಸುವಿಕೆಗೆ ಏನರ್ಥ ಎಂದು ಮಾಸ್ತರಿಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

ಆಮೇಲೆ ಬಂದದ್ದು ಆ ಸೋಮವಾರ. ಬೆಳಗಿನ ಬಿಸಿಲು ಬೇವಿನ ಎಲೆಗಳ ನಡುವೆ ಇಳಿಯುತ್ತಿತ್ತು. ಅಪ್ಪ ಹಂಡನ ಮೈ ತೊಳೆಯುತ್ತಿದ್ದ, ಆಯಿ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅಕ್ಕ ಹೊಲಕ್ಕೆ ಹೊರಡಲು ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ನಾನು ಎತ್ತುಗಳನ್ನೇ ನೋಡುತ್ತ ನಿಂತಿದ್ದೆ.

“ಯಪ್ಪಾ, ಇವಕ್ಕ ಯಾಕ ಇವತ್ತ ಸೂಟಿ?”

“ಬಸವಣ್ಣನ ವಾರವ್ವ. ವಾರೆಲ್ಲ ದುಡದಿರ್ತಾವ, ಒಂದಿನಾರ ಹೆಗಲು ಹಗರ ಆಗಬ್ಯಾಡೇನು? ಪಾಪ, ಬಾಯಿಲ್ಲದ ಜೀವ.”

“ನನಗ ಬಾಯೈತಲ್ಲ, ನಾ ಕೇಳಾಕತ್ತೀನಿ. ನನ್ನ ಸೋಮಾರ ಯಾವಾಗ?”

ಅಪ್ಪ ನಕ್ಕ. “ನೀ ಏನ್ ಎತ್ತೇನ?”

ಅಷ್ಟೇ ಸಾಕಾಯಿತು. ನಾನು ಕೊಟ್ಟಿಗೆಗೆ ನುಗ್ಗಿ ಬಿಳಿಯನ ಪಕ್ಕದಲ್ಲಿ ಕುಕ್ಕರಿಸಿದೆ. ಗೂಟದಲ್ಲಿದ್ದ ಹಗ್ಗ ತೆಗೆದು ಕೊರಳಿಗೆ ಸುತ್ತಿಕೊಂಡೆ. “ಹೌದು, ನಾ ಎತ್ತು. ಇವತ್ತ ನಾ ಹೊಲಕ್ಕ ಬರಂಗಿಲ್ಲ” ಎಂದು ಕೂಗಿದೆ. ಅಳು ಬರುತ್ತಿತ್ತು, ಅದಕ್ಕೇ ಅಷ್ಟು ಜೋರಾಗಿ ಕೂಗಿದೆ. ಓಣಿಯ ಹೆಂಗಸರು ಕೊಡ ಇಳಿಸಿ ನೋಡತೊಡಗಿದರು. ಒಬ್ಬಳು, “ಕೊಂಬ ಎಲ್ಲೆವ ನಿನ್ನವು?” ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಪ್ಪನಿಗೂ ನಗು ತಡೆಯಲಾಗಲಿಲ್ಲ. ಹಂಡ ಅಲುಗದಂತೆ ಅದರ ಕೊಂಬು ಹಿಡಿದುಕೊಂಡೇ ನಿಂತಿದ್ದ. ಹಾಗೆ ಕೊಂಬು ಹಿಡಿದುಕೊಂಡೇ ನಗುತ್ತ ಅಂದ:

“ಆತ ಬಾರವ್ವ, ಬಸವಣ್ಣನ ಆಣಿ! ನೀ ಎತ್ತಂದ್ರ ಎತ್ತು. ಸೋಮಾರ ನಿನ್ನ ಹೆಗಲಿಗಿ ಏನೂ ಹಚ್ಚಂಗಿಲ್ಲ. ಸಾಕ? ಈಗ ಏಳು, ಹೊತ್ತಾತು, ಹೂ ಅರಳ್ಯಾವ.”

ನಾನು ಏಳುವಷ್ಟರಲ್ಲಿ ಆಯಿಯ ದನಿ ಬಂತು. “ಏ, ನಿಂದರು.”

ಆಯಿ ನನ್ನ ಪರವಾಗಿ ಎಂದೂ ಒಂದು ಮಾತು ಆಡಿದವಳಲ್ಲ. ಹೆಣ್ಣುಮಕ್ಕಳ ಕೈ ಖಾಲಿ ಇರಬಾರದು ಎನ್ನುವುದು ಆಕೆಯ ಮಂತ್ರ. ‘ನಾ ಹಾಲಹಲ್ಲು ಬೀಳೂಕಿಂತ ಮದ್ಲ ಕಳೇವು ತಗದಾಕಿ, ಸತ್ತೇನೇನು?’ ಎಂದು ದಿನಕ್ಕೊಮ್ಮೆ ಕೇಳುತ್ತಿದ್ದಳು. ಆದರೆ ಆ ದಿನ ಆಕೆಯ ಮುಖ ಬೇರೆಯೇ ಆಗಿತ್ತು. ಎಲೆಯಡಿಕೆ ಉಗುಳಿ ಎದ್ದು ಬಂದಳು.

“ಏನಂದ್ಯೋ ನೀ? ಕೊಂಬ ಹಿಡದು ಏನಂದಿ?”

“ಹುಡಗಾಟಕ್ಕ ಅಂದೆ ಬೇ, ಹುಡುಗಿನ ಎಬ್ಬಸಾಕ...”

“ಬಸವಣ್ಣನ ಜೋಡಿ ಹುಡಗಾಟ? ಸೋಮಾರ ದಿನ? ನಿಮ್ಮ ಕಾಕಾ ಸೋಮಾರ ಕುಂಟಿ ಹೂಡಿದ್ದ, ಏನಾತು? ಮರುದಿನಾನ ಎತ್ತಿನ ಕಾಲು ಮುರೀತು. ಎತ್ತ ಹೋತು, ಹೊಲ ಹೋತು. ಇನ್ನೂ ಬುದ್ಧಿ ಬಂದಿಲ್ಲೇನು?”

ಓಣಿಯ ನಗು ನಿಂತಿತು. ಅಪ್ಪ ಕೊಂಬಿನಿಂದ ಕೈಯನ್ನು ಬೆಂಕಿಯಿಂದ ತೆಗೆದಂತೆ ತೆಗೆದ. ಆದರೆ ಎತ್ತಿನ ಕೊಂಬು ಹಿಡಿದು ಮಾಡಿದ ಆಣೆ ಆಗಿಹೋಗಿತ್ತು. ಆಯಿ ಹಂಡನ ಹಣೆಯ ವಿಭೂತಿಯನ್ನೇ ಮೂರು ಬೆರಳಲ್ಲಿ ತೆಗೆದು ನನ್ನ ಹಣೆಗೆ ಎಳೆದಳು. ಪ್ರೀತಿಯಿಂದ ಅಲ್ಲ, ಹೆದರಿಕೆಯಿಂದ.

“ಹೊತ್ತ ಮುಣಗೂ ತನಕ ಈಕಿ ಗಿಡ ಮುಟ್ಟಂಗಿಲ್ಲ. ಇವತ್ತಷ್ಟ ಅಲ್ಲ, ಎಲ್ಲಾ ಸೋಮಾರಾನೂ.”

“ಮತ್ತ ನಿನ್ನಿ ಸಂಜಿಮುಂದ ಬಿಡಿಸಿದ್ದು? ಈಕಿ ಸಾಲಿನ ತುಂಬ ಕೆಂಪು ಕಾಗದ ಅದಾವ. ಇವತ್ತ ಪುಡಿ ತಾಗಲಿಲ್ಲಂದ್ರ ಎಲ್ಲಾ ಉದುರತಾವ ಬೇ!” ಅಪ್ಪನ ದನಿ ಅಳುವವನ ದನಿಯಂತಿತ್ತು. ಹೂವಿಗೆ ಸೋಮವಾರ ಗೊತ್ತಿಲ್ಲ. ಅದಂತೂ ನಿಜ.

ಆಗ ರೇಣಕ್ಕ ತಲೆಯ ಬಟ್ಟೆಯ ಗಂಟು ಬಿಗಿದುಕೊಂಡು, ನೆಲ ನೋಡುತ್ತ ಅಂದಳು, “ಆಕಿ ಸಾಲಿಗಿ ಹೋಗ್ಲಿ ಬಿಡ್ರಿ. ನಾ ಎರಡೂ ಸಾಲು ಹಿಡೀತೀನಿ.”

ನಾನು ಕೊರಳಿನ ಹಗ್ಗ ಕಿತ್ತೊಗೆದು, ಪುಸ್ತಕದ ಚೀಲ ಎತ್ತಿಕೊಂಡು ಓಡಿದೆ. ಹಿಂದೆ ತಿರುಗಿ ನೋಡಿದರೆ ಯಾರಾದರೂ ಕರೆದಾರು ಎಂದು ನೋಡಲೇ ಇಲ್ಲ.

ಸಾಲಿಯಲ್ಲಿ ಪ್ರಾರ್ಥನೆಗೆ ಸಾಲಾಗಿ ನಿಲ್ಲಿಸಿದ್ದರು. ಸೋಮವಾರ ಉಗುರು ನೋಡುವ ದಿನ. ಇದು ನನಗೆ ಮರೆತೇ ಹೋಗಿತ್ತು. ಮನೆಯಲ್ಲಿ ಹೆಬ್ಬೆರಳಿನ ಉಗುರು ಬೆಳೆಸು ಅನ್ನುತ್ತಿದ್ದರು, ಉಗುರಿಲ್ಲದೆ ಮೊಗ್ಗು ಬಿಡಿಸಲು ಬರುವುದಿಲ್ಲ. ಅವ್ವ ಅದಕ್ಕೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಸಾಲಿಯಲ್ಲಿ ಉಗುರು ಕತ್ತರಿಸು ಅನ್ನುತ್ತಿದ್ದರು. ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಕೈ ಚಾಚಿದೆ. ಮಾಸ್ತರು ಬೆತ್ತದಿಂದ ಮುಷ್ಟಿ ತಟ್ಟಿದರು. “ಬಿಚ್ಚು.” ಬಿಚ್ಚಿದೆ. ಹಸಿರು ಕಲೆ ಹತ್ತಿ ಕಪ್ಪಾದ, ಚಮಚದಂತೆ ಬಾಗಿದ ಉಗುರು. ಉಗುರಿನ ಮೂಲೆಯಲ್ಲಿ ಕೀವಾಗಿತ್ತು. ಈಗ ಕತ್ತರಿಸುತ್ತಾರೆ, ಸಂಜೆ ಮನೆಯಲ್ಲಿ ಹೊಡೆತ ಎಂದು ಕಣ್ಣು ಮುಚ್ಚಿಕೊಂಡೆ.

ಮಾಸ್ತರು ಬಗ್ಗಿ ಮೆಲ್ಲಗೆ ಕೇಳಿದರು, “ಕ್ರಾಸಿಂಗ್ ಮಾಡ್ತೀಯೇನು?”

“ಹೌದ್ರಿ ಸರ.”

ಅವರು ಸುತ್ತ ನೋಡಿ, ಇನ್ನೂ ಮೆಲ್ಲಗೆ ಅಂದರು, “ನಮ್ಮ ಅಣ್ಣನೂ ಹಾಕ್ಯಾನ ಈ ಸಲ. ಹುಡುಗ್ಯಾರ ಸಿಗವಲ್ರು. ಐತಾರ ನಿಮ್ಮ ಅಕ್ಕನ ಕರಕೊಂಡು ಬರ್ತೀಯೇನು? ಅಪ್ಪಗ ನಾ ಹೇಳ್ತೀನಿ.”

ಜೀಪಿನವರಿಂದ ಅಪ್ಪ ಬಚ್ಚಿಡುತ್ತಿದ್ದ. ಅಪ್ಪನಿಂದ ಬಿಡಿಸಿಕೊಂಡು ನಾನು ಸಾಲಿಗೆ ಓಡಿಬಂದಿದ್ದೆ. ಸಾಲಿಯಲ್ಲಿ ಇದು. ಎಲ್ಲಿ ಹೋಗಬೇಕು, ಹೇಳಿ? ನನಗೆ ಬೆತ್ತದ ಏಟು ಬಿದ್ದಿದ್ದರೆ ಅಷ್ಟು ಅಳು ಬರುತ್ತಿರಲಿಲ್ಲ. ಮಾಸ್ತರು ಕೆಟ್ಟವರಲ್ಲ, ಆಮೇಲೆ ನನ್ನನ್ನು ಮುಂದಿನ ಸಾಲಿನಲ್ಲಿ ಕೂಡಿಸಿ ಬಿಟ್ಟ ಪಾಠವನ್ನೆಲ್ಲ ಹೇಳಿಕೊಟ್ಟವರೂ ಅವರೇ. ಅವರ ಕಣ್ಣಿಗೂ ಮೊದಲು ಕಂಡದ್ದು ಉಗುರು, ಅಷ್ಟೇ.

ಸಂಜೆ ಸಾಲಿ ಬಿಟ್ಟ ಕೂಡಲೇ ಹೊಲಕ್ಕೆ ಓಡಿದೆ. ಅಕ್ಕ ಎರಡು ಸಾಲಿನ ನಡುವೆ ನಿಂತಿದ್ದಳು. ಬಲಗೈ ತನ್ನ ಸಾಲಿಗೆ, ಎಡಗೈ ನನ್ನ ಸಾಲಿಗೆ. ಎರಡೂ ಹೆಬ್ಬೆರಳು ಒಟ್ಟಿಗೆ ತಿರುಗುತ್ತಿದ್ದವು. ಬೆವರಿಗೆ ತಲೆಯ ಬಟ್ಟೆ ಅಂಟಿಕೊಂಡಿತ್ತು. ನಾನು ಚೀಲ ಬಿಸಾಡಿ ಹತ್ತಿಯ ಸಾಲಿಗೆ ಇಳಿದೆ.

ಬದುವಿನ ಮೇಲಿಂದ ಆಯಿ ಕೂಗಿದಳು, “ಮುಟ್ಟಬ್ಯಾಡ! ಹೊತ್ತ ಮುಣುಗಿಲ್ಲ ಇನ್ನಾ. ಆಣಿ ಮುರೀತೈತಿ.” ಆ ಮುದುಕಿ ನನ್ನನ್ನು ಕಾಯಲೆಂದೇ ಅಷ್ಟು ದೂರ ನಡೆದು ಬಂದು ಕೂತಿದ್ದಳು.

“ಅಕ್ಕಗ ಆಗವಲ್ದು ಬೇ, ಒಂಚೂರು ಮಾಡ್ತೀನಿ.”

“ಎತ್ತು ಅಂದಾಕಿ ನೀನ. ಎತ್ತಿನಂಗ ಕುಂದ್ರು.”

ನಾನು ಬದುವಿನ ಮೇಲೆ ಕೂತೆ. ನನಗಾಗಿ ಕೇಳಿ ಪಡೆದ ದಿನ ನನ್ನನ್ನೇ ಕಟ್ಟಿ ಹಾಕಿತ್ತು. ಅಕ್ಕ ನನ್ನ ಕಡೆ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಆಕೆ ಕೇಳಿದ್ದು ಒಂದೇ ಮಾತು.

“ಏನ್ ಕಲಿಸಿದ್ರು?”

“ಲೆಕ್ಕ. ಭಿನ್ನರಾಶಿ. ನನಗೇನೂ ತಿಳೀಲಿಲ್ಲ.”

“ಪುಸ್ತಕ ತಗದು ಓದು, ನಾ ಹೇಳ್ತೀನಿ.”

ನಾನು ಬದುವಿನ ಮೇಲಿಂದ ಲೆಕ್ಕ ಓದಿದೆ, ಅಕ್ಕ ಮೊಗ್ಗು ಬಿಡಿಸುತ್ತ ಉತ್ತರ ಹೇಳಿದಳು. ಕೈ ನಿಲ್ಲಿಸಲೂ ಇಲ್ಲ, ಬೆರಳಲ್ಲಿ ಎಣಿಸಲೂ ಇಲ್ಲ. ಬೆರಳು ಖಾಲಿ ಇದ್ದರೆ ತಾನೆ? ಅಲ್ಲಿಂದ ಆ ಸೀಜನ್ ಪೂರ್ತಿ ಅದೇ ನಡೆಯಿತು. ಸೋಮವಾರ ಮಾಸ್ತರು ಕಲಿಸಿದ್ದನ್ನು ಮಂಗಳವಾರದಿಂದ ಐತವಾರದ ತನಕ ಅಕ್ಕ ಸಾಲಿನಲ್ಲಿ ತಿರುಗಿ ಕಲಿಸುತ್ತಿದ್ದಳು. ಕನ್ನಡದ ಪದ್ಯಗಳನ್ನು ಹಾಡಿ ಕಲಿಸುತ್ತಿದ್ದಳು. ನಾನು ಅವಳಷ್ಟು ಜಾಣೆ ಅಲ್ಲ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ, ನನಗೆ ವಿನಯ ಕಡಿಮೆ. ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಅಕ್ಕನಿಗೂ ಒಂದು ಸೋಮವಾರ ಕೊಡಿಸಬೇಕೆಂದು ನಾನು ಮಾಡದ ಉಪಾಯವಿಲ್ಲ. ಅಪ್ಪ ಎತ್ತಿನ ಹತ್ತಿರ ಹೋದಾಗಲೆಲ್ಲ ಹಿಂದೆಯೇ ಹೋಗಿ, “ಯಪ್ಪಾ, ಅಕ್ಕನೂ ಎತ್ತಲ್ಲೇನ?” ಎಂದು ಕೇಳುತ್ತಿದ್ದೆ. ಆದರೆ ಅಪ್ಪ ಈಗ ಹುಷಾರಾಗಿದ್ದ. ಕೊಂಬು ಹಿಡಿದಾಗ ಬಾಯಿ ಬಿಡುತ್ತಿರಲಿಲ್ಲ, ಬಾಯಿ ಬಿಟ್ಟಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಒಮ್ಮೆ ಹಂಡನಿಗೆ ವಿಭೂತಿ ಹಚ್ಚುವಾಗ ನಾನು ಕೇಳಿದ್ದಕ್ಕೆ ಮೂಗಿನಲ್ಲೇ “ಹ್ಞೂಂಹೂಂ” ಅಂದು ತಲೆಯಾಡಿಸಿದ. ಅವ್ವನಿಗೆ ನಗು ಬಂದು ಒಳಗೆ ಓಡಿದಳು. ಕೊನೆಗೆ ನಾನು ಅಕ್ಕನಿಗೇ ಹೇಳಿದೆ, “ನೀನೂ ಕೊಟಗ್ಯಾಗ ಹೋಗಿ ಕುಂದ್ರಲೇ ಅಕ್ಕ. ಆಯಿ ನೋಡ್ಕೋತಾಳ.”

ಅಕ್ಕ ನಕ್ಕಳು. “ಎರಡೂ ಎತ್ತ ಕುಂತ್ರ ಹೂವಿಗಿ ಯಾರು?”

ಸೀಜನ್ ಮುಗಿಯಿತು. ಕಾಯಿ ಒಡೆದು ಹೊಲ ಬೆಳ್ಳಗಾಯಿತು, ಬಿಡಿಸಿ ಬೀಜ ಮಾಡಿ ಕಳಿಸಿದರು. ನಾನು ದಿನವೂ ಸಾಲಿಗೆ ಹೋಗತೊಡಗಿದೆ, ಪರೀಕ್ಷೆ ಬರೆದೆ, ಪಾಸಾದೆ. ಬೇಸಿಗೆ ರಜೆಯಲ್ಲಿ ಅಕ್ಕ ಎರಡೂ ಚೀಲ ಒಗೆದು ಹಿತ್ತಲಿನ ತಂತಿಗೆ ಹಾಕಿದಳು. ಇಬ್ಬರೂ ಕೂಡಿ ಎಂಟನೇ ತರಗತಿಗೆ ಹೋಗುವುದು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಹೋಗುತ್ತಾ ಆಕೆ, ಬರುತ್ತಾ ನಾನು. ಇದೆಲ್ಲ ಮಾತಾಗಿತ್ತು.

ಸಾಲಿ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಅಪ್ಪ ಕಂಬಕ್ಕೆ ಒರಗಿದ. ತಲೆ ಕೆರೆದುಕೊಂಡ. ಆದರೆ ಅಪ್ಪನ ಮುಖದಲ್ಲಿ ನಗು ಇತ್ತು.

“ಗಂಗಿ ಸಾಲಿಗಿ ಹೋಗ್ಲಿ. ದಿನಾ ಹೋಗ್ಲಿ, ಸೋಮಾರ ಅಷ್ಟ ಯಾಕ? ಓದ್ಲಿ, ಕಲೀಲಿ.”

ನಾನು ಕುಣಿದೇಬಿಟ್ಟೆ. ಅಪ್ಪ ಮುಂದುವರಿಸಿದ.

“ಹೋದ ಸಲ ಸೋಮಾರ ರೇಣಿ ಒಬ್ಬಾಕಿನ ಎರಡೂ ಸಾಲು ಮುಗಸ್ತಿದ್ಲಲ್ಲ, ನಾ ನೋಡೀನಿ. ಒಂದ ಹೂ ಬಿಟ್ಟಿಲ್ಲ. ಆಕಿ ಒಬ್ಬಾಕಿ ಇದ್ರ ಸಾಕು, ಇಬ್ರು ಯಾಕ ಬೇಕು?”

ಒಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ನಿಂತಿತು.

“ಮತ್ತ ಅಕ್ಕ?” ಅಂದೆ. “ಅಕ್ಕ ಹೋಗ್ತಾಳಲ್ಲ ಈ ವರ್ಷ. ನೀನ ಹೇಳಿದ್ದಿ.”

“ಈ ಒಂದು ಸೀಜನ್ ಅಷ್ಟ,” ಅಂದ ಅಪ್ಪ.

ಒಳಗೆ ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು. ನಾನು ಒಳಗೆ ಓಡಿ ಅಕ್ಕನ ಬೆನ್ನಿಗೆ ಬಿದ್ದು, “ನಾನೂ ಹೋಗಂಗಿಲ್ಲ, ನೀ ಇಲ್ಲಂದ್ರ ನಾನೂ ಹೋಗಂಗಿಲ್ಲ” ಎಂದು ಗೋಳಾಡಿದೆ. ಅಕ್ಕ ಹಿಟ್ಟಿನ ಕೈಯಿಂದಲೇ ನನ್ನ ಕಿವಿ ಹಿಂಡಿದಳು. ನಿಜವಾಗಿ ನೋವಾಗುವ ಹಾಗೆ ಹಿಂಡಿದಳು.

“ಹುಚ್ಚುಖೋಡಿ. ನೀನೂ ಕುಂತ್ರ ನಾ ಎರಡ ಸಾಲು ಹಿಡದಿದ್ದು ಯಾತಕ್ಕ ಬಂತ?”

ಅಪ್ಪನನ್ನು ಬೈಯಲು ಆಗ ನನಗೆ ಮಾತು ಬರಲಿಲ್ಲ, ಈಗ ಬಂದರೂ ಬೈಯಲು ಮನಸ್ಸು ಬರುವುದಿಲ್ಲ. ಅಪ್ಪನಿಗೆ ಅದು ನ್ಯಾಯವಾಗಿಯೇ ಕಂಡಿತ್ತು. ಒಬ್ಬಳನ್ನು ಬಿಟ್ಟೆನಲ್ಲ ಎಂದು ಹೆಮ್ಮೆಯೂ ಇತ್ತು. ಅಕ್ಕ ಸಾಲಿಗೆ ಹೋಗಲಿ ಎಂದು ನಾನು ಏನೇನು ಮಾಡಿದರೂ, ಆಕೆಯ ಎರಡು ಕೈ ಎರಡು ಸಾಲಿಗೆ ಸಾಕಾಗುತ್ತವೆ ಎಂದು ಮನೆಗೆ ತೋರಿಸಿಕೊಟ್ಟದ್ದು ನನ್ನ ಸೋಮವಾರವೇ. ಆಕೆಯ ಚೀಲ ಆಮೇಲೆ ಬೀಜ ತುಂಬಿಡಲು ಹೋಯಿತು. ಮದುವೆಯಾಗುವ ತನಕ ಪ್ರತಿ ವರ್ಷವೂ ಅದು ಒಂದೇ ಸೀಜನ್.

ನಾನೀಗ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಬಾಯಿ ಜೋರು, ಅದು ಈ ಕೆಲಸಕ್ಕೆ ಅನುಕೂಲ. ಹಂಡ, ಬಿಳಿಯ ಎರಡೂ ಮುದಿಯಾಗಿ ಹೋದ ಮೇಲೆ ಅಪ್ಪ ಮತ್ತೆ ಎತ್ತು ಕಟ್ಟಲಿಲ್ಲ. ಊರಿನಲ್ಲೇ ಈಗ ಹುಡುಕಿದರೆ ಎರಡು ಜೋಡಿ ಸಿಗಬಹುದು. ಕೊಟ್ಟಿಗೆಯಲ್ಲಿ ಮೋಟರ್ ಸೈಕಲ್ ನಿಲ್ಲುತ್ತದೆ. ಬಾಡಿಗೆ ಟ್ರ್ಯಾಕ್ಟರ್ ಸೋಮವಾರವೂ ಬರುತ್ತದೆ, ಅದಕ್ಕೆ ವಾರ ಇಲ್ಲ. ಯಾರೂ ಬೇಡ ಅನ್ನುವುದಿಲ್ಲ, ಅನ್ನಲು ಆಯಿಯೂ ಇಲ್ಲ. ಎತ್ತು ಹೋದದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ, ಸಗಣಿ ಬಾಚಿದವರಿಗೆ ಗೊತ್ತು ಅದರ ಸುಖ. ಆದರೆ ಆ ಒಂದು ದಿನ ಹೋಯಿತಲ್ಲ, ಅದಕ್ಕಿದೆ. ದುಡಿಯುವ ಜೀವಕ್ಕೆ ಒಂದು ದಿನ ಹೆಗಲು ಹಗುರ ಮಾಡಬೇಕು ಎಂದು ಇಡೀ ಊರು ಹೆದರಿಯಾದರೂ ನಂಬಿದ್ದ ದಿನ. ಈಗ ಹಟ ಹಿಡಿಯುವ ಹುಡುಗಿಗೆ ನಾನು ಎತ್ತು ಎಂದು ಹೇಳಿಕೊಳ್ಳಲೂ ದಾರಿಯಿಲ್ಲ.

ಶ್ರಾವಣದಲ್ಲಿ ಬೆಳಗಿನ ಮೊದಲ ಟ್ರಿ‍ಪ್‌ನಲ್ಲಿ ಹುಡುಗಿಯರನ್ನು ತುಂಬಿಕೊಂಡ ಟಂಟಂ ಆಟೋಗಳು ನಮ್ಮ ಬಸ್ಸನ್ನು ದಾಟಿ ಹೋಗುತ್ತವೆ. ತಲೆಗೆ ಬಟ್ಟೆ, ಮಡಿಲಲ್ಲಿ ಬುತ್ತಿ. ಮಕ್ಕಳನ್ನು ದುಡಿಸುವುದು ಅಪರಾಧ ಎಂದು ನನ್ನ ಬಸ್ಸಿನ ಬೆನ್ನಿಗೇ ದೊಡ್ಡದಾಗಿ ಬರೆದಿದೆ. ಟಂಟಂನಲ್ಲಿ ಕೂತವರು ಅದನ್ನು ಹಿಂದಿನಿಂದ ಓದಿಕೊಂಡೇ ದಾಟಿ ಹೋಗುತ್ತಾರೆ. ಓದಲು ಬರುವಷ್ಟು ಸಾಲಿ ಎಲ್ಲರಿಗೂ ಆಗಿರುತ್ತದೆ.

ರೇಣಕ್ಕನನ್ನು ಬೇವೂರಿನ ಕಡೆ ಕೊಟ್ಟಿದ್ದಾರೆ. ಅಲ್ಲೂ ಬೀಜದ ಹತ್ತಿ. ಅಕ್ಕನ ಮಗಳು ಸ್ವಾತಿ ಈ ವರ್ಷ ಏಳನೇ ತರಗತಿ. ಕಳೆದ ತಿಂಗಳು ಒಂದು ಸೋಮವಾರ ಬಸ್ಸು ಪಂಕ್ಚರ್ ಆಗಿ ನಿಂತಿದ್ದಾಗ, ರಸ್ತೆ ಬದಿಯ ಹೊಲದಲ್ಲಿ ಕೆಂಪು ಕಾಗದದ ಚೂರುಗಳು ಕಂಡವು. ಯಾಕೋ ಜೀವ ತಡೆಯಲಿಲ್ಲ. ಫೋನ್ ಹಚ್ಚಿದೆ.

“ಅಕ್ಕಾ, ಸ್ವಾತಿ ಎಲ್ಲದಾಳ?”

“ಸಾಲಿಗಿ ಹೋಗ್ಯಾಳ. ಯಾಕ ಹಂಗ ಕೇಳ್ತಿ?”

“ಇವತ್ತ ಸೋಮಾರ ಅಂತ ಹೋಗ್ಯಾಳೋ, ದಿನಾ ಹೋಗ್ತಾಳೋ?”

“ದಿನಾ ಹೋಗ್ತಾಳ. ಆಕಿ ಉಗುರ ನಾನ ಕತ್ತರಸ್ತೀನಿ, ಬೆಳ್ಯಾಕ ಬಿಡಂಗಿಲ್ಲ.”

“ಮತ್ತ ಆಕಿ ಸಾಲು?”

“ನಾ ಅದೀನಲ್ಲ. ಎರಡೂ ಹಿಡದೀನಿ.”

ನಾನು ಆ ಕೆಂಪು ಕಾಗದಗಳಿಗೆ ಬೆನ್ನು ತಿರುಗಿಸಿ ನಿಂತೆ.

“ನಿನಗ ಯಾವಾಗ ಅಕ್ಕ ಸೋಮಾರ?”

ಅಕ್ಕ ನಕ್ಕಳು, ಆ ಹಳೆಯ ನಗು. “ಅವತ್ತ ನೀ ಎತ್ತಾದಿ, ನಾ ಆಗ್ಲಿಲ್ಲ. ಈಗ ಏನ್ ಮಾಡೂದು?” ಅಂದಳು. “ಇಡ್ತೀನಿ ಗಂಗೀ. ಕೈತುಂಬ ಪುಡಿ ಐತಿ, ಹೊತ್ತೇರಿದ್ರ ಹೂ ಬಾಡ್ತಾವ.”